ಎಂಟು ಕಾಳು, ಎಂಟುನೂರು ಸುತ್ತು

ನನ್ನ ಗಿಟಾರಿನ ಚೀಲದಲ್ಲಿ ಯಾವಾಗಲೂ ಒಂದು ಕಂಪಾಸ್ ಬಾಕ್ಸ್ ಇರುತ್ತದೆ. ನಾನು ಗಣಿತದ ಮಾಸ್ತರ, ಹಾಗಾಗಿ ಒಳಗೆ ಕೈವಾರ, ಕೋನಮಾಪಕ ಇರಬೇಕೆಂದು ನೋಡಿದವರು ತಿಳಿಯುತ್ತಾರೆ. ಕೈಗೆ ಕೊಟ್ಟರೆ ಅದರ ಭಾರಕ್ಕೆ ಹುಬ್ಬೇರಿಸುತ್ತಾರೆ. ಎರಡು ತುದಿಗೆ ಒಂದೊಂದು ತೂತು, ತೂತಿನಲ್ಲಿ ಗಿಟಾರಿನ ವೈರು ಸಿಗಿಸುವ ಸಾಕೆಟ್ಟು, ಮುಚ್ಚಳದ ಸಂದಿಗೆಲ್ಲ ಕಂದು ವಾರ್ನಿಷ್ ಬಳಿದು ಮುಚ್ಚಿದ್ದಾಗಿದೆ. ಬ್ಯಾಟರಿ ಇಲ್ಲ, ಸ್ವಿಚ್ಚಿಲ್ಲ, ಮಿಣುಕುವ ಲೈಟಿಲ್ಲ. "ಏನ್ ಮಾಡ್ತೈತ್ರಿ ಇದು?" ಎಂದು ಕೇಳುತ್ತಾರೆ. "ಸುಮ್ನ ಇರ್ತೈತ್ರಿ, ಅದ ಅದರ ಕೆಲಸ" ಎನ್ನುತ್ತೇನೆ.

ಮಾಡಿಕೊಟ್ಟವರು ಗಂಗಾವತಿಯ ಒಬ್ಬ ಹೆಣ್ಣುಮಗಳು. ಅಕ್ಕಿ ಗಿರಣಿಯ ಮೋಟಾರು ಸುಟ್ಟುಹೋದರೆ ಹಳೆಯ ತಂತಿ ಕಿತ್ತು ಹೊಸ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿ ಅವರದು. ಊರೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿತ್ತು, ನಾನೂ ಅದನ್ನೇ ಎಂದೆ. ಹೆಸರು ಇಲ್ಲಿ ಬೇಡ. ಅಂಗಡಿಗೇ ಬೋರ್ಡು ಹಾಕಿಸದ ಮನುಷ್ಯರು ಅವರು. ಹೋದ ತಿಂಗಳು ಗಿಟಾರಿನ ತಂತಿ ತರಲು ಗಂಗಾವತಿಗೆ ಹೋದಾಗ ಶಟರ್ ಎಳೆದಿತ್ತು. ಪಕ್ಕದ ಚಹಾದಂಗಡಿಯವನು, "ಆಪಾ ತೀರ್ಕೊಂಡು ಹದಿನೈದು ದಿನ ಆತ್ರಿ ಮಾಸ್ತರ. ನಿಮಗ ಗೊತ್ತಾಗ್ಲಿಲ್ಲೇನು?" ಎಂದ. ಗೊತ್ತಾಗಿರಲಿಲ್ಲ. ಗೊತ್ತಾಗದೆ ಇದ್ದುದಕ್ಕೂ ಈ ಡಬ್ಬಿಯೇ ಕಾರಣ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಡಬ್ಬಿ ಹುಟ್ಟಿದ ಆ ಮೂರು ದಿನದ ಸಂಗತಿ ಹೇಳಬೇಕು.

ನಮ್ಮದು ಮದುವೆ, ಗ್ಯಾದರಿಂಗು ಎನ್ನುವ ಶಾಲೆಯ ವಾರ್ಷಿಕೋತ್ಸವ ಎಂದು ಊರೂರಿಗೆ ಹೋಗಿ ಹಾಡುವ ಆರು ಜನರ ಆರ್ಕೆಸ್ಟ್ರಾ. ಯಜಮಾನ ವಿರೂಪಣ್ಣ, ಕೀಬೋರ್ಡ್ ನುಡಿಸುತ್ತಾನೆ. ನಾನು ಮೂವತ್ತು ದಾಟಿದ ಮೇಲೆ ಫೋನಿನಲ್ಲಿ ನೋಡಿ ನೋಡಿ ಗಿಟಾರ್ ಕಲಿತವನು. ಅಪ್ಪ ಗಿರಣಿಯಲ್ಲಿ ಹಮಾಲಿ ಮಾಡಿ ಓದಿಸಿದ, ಅವ್ವ ಹೇಳಿದಳೆಂದು ಮಾಸ್ತರನಾದೆ, ಮನೆಯವರು ತೋರಿಸಿದ ಹುಡುಗಿಯನ್ನು ಮದುವೆಯಾದೆ. ಯಾವುದಕ್ಕೂ ನನಗೆ ಬೇಸರವಿಲ್ಲ. ಆದರೆ ನಾನೇ ಬೇಕೆಂದು ಹಠ ಹಿಡಿದು ಬದುಕಿಗೆ ತಂದುಕೊಂಡದ್ದು ಅಂದರೆ ಆ ಗಿಟಾರ್ ಒಂದೇ.

ಅದಕ್ಕೆ ಗಂಟುಬಿದ್ದದ್ದು ಗುಂಯ್ ಎನ್ನುವ ಸಪ್ಪಳ. ಮನೆಯಲ್ಲಿ ಒಬ್ಬನೇ ನುಡಿಸಿದರೆ ಏನೂ ಇಲ್ಲ. ಕಾರ್ಯಕ್ರಮಕ್ಕೆ ಹೋಗಿ, ನನ್ನ ಪುಟ್ಟ ಆಂಪ್ಲಿಫೈಯರಿನಿಂದ ಮೈಕ್‌ಸೆಟ್ಟಿನವರ ಮಿಕ್ಸರಿಗೆ ವೈರು ಎಳೆದ ಕೂಡಲೇ ಗುಂಯ್ ಶುರು. ದೊಡ್ಡ ಸ್ಪೀಕರಿನಲ್ಲಿ ಅದು ಊರಿಗೆಲ್ಲ ಕೇಳುವಂತೆ ಮೊಳಗುತ್ತಿತ್ತು. ಒಮ್ಮೆ ಒಂದು ಮದುವೆಯಲ್ಲಿ ಹುಡುಗಿಯ ಸೋದರಮಾವ ವೇದಿಕೆಗೆ ಬಂದು, "ಆ ಜನರೇಟರ್ ಸ್ವಲ್ಪ ದೂರ ಒಯ್ರಿ, ಹಾಡು ಕೇಳವಲ್ದು" ಎಂದರು. ಜನರೇಟರೇ ಇರಲಿಲ್ಲ. ನಾನೇ ಆ ಜನರೇಟರ್ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಈ ರೋಗಕ್ಕೆ ನಮ್ಮ ಕಡೆಯ ಆರ್ಕೆಸ್ಟ್ರಾದವರ ಬಳಿ ಇದ್ದ ಮದ್ದು ಒಂದೇ, ಇಕ್ಕಳ. ಮೂರು ಕಾಲಿನ ಪ್ಲಗ್ಗಿನಲ್ಲಿ ದಪ್ಪನೆಯ ಕಾಲೊಂದು ಇರುತ್ತದಲ್ಲ, ಅರ್ಥಿಂಗಿನದು, ಅದನ್ನು ಕಡಿದು ಒಗೆಯುವುದು. ವಿರೂಪಣ್ಣ ನನಗೆ ಇಕ್ಕಳ ಕೊಟ್ಟ, ನಾನು ಕಡಿದೆ, ಗುಂಯ್ ಹೋಯಿತು. ಇರಕಲ್ಲಗಡದ ಮದುವೆಯಲ್ಲಿ ಎಂಥ ಖುಷಿಯಿಂದ ನುಡಿಸಿದೆ ಅಂತೀರಿ. ಕೋರಸ್ ಬಂತು, ಕೈ ಗಿಟಾರಿನ ತಂತಿಯ ಮೇಲೆ ಇತ್ತು, ಬಾಯಿ ಮೈಕಿಗೆ ತಾಗಿಸಿದೆ, ತುಟಿಗೆ ಚುರ್ ಎಂದು ಕರೆಂಟು ಹೊಡೆಯಿತು. ಪ್ರೇಮಗೀತೆಯ ನಟ್ಟನಡುವೆ "ಯವ್ವಾ" ಎಂದು ನಾನು ಚೀರಿದ್ದು ಎಂಟು ಸ್ಪೀಕರಿನಲ್ಲಿ ಕೇಳಿತು. ಊಟಕ್ಕೆ ಕೂತವರು ಎದ್ದು ನಿಂತರು.

ಮರುದಿನ ವಿರೂಪಣ್ಣ ಮನೆಗೆ ಬಂದ. ಸಿಟ್ಟಿನಿಂದ ಮಾತಾಡಲಿಲ್ಲ, ಅದಕ್ಕೇ ಹೆದರಿಕೆಯಾಯಿತು.

"ನೋಡಪಾ ಮಾಸ್ತರ," ಎಂದ. "ನಾಡಿದ್ದ ಸೋಮವಾರ ನವಲಿಯಾಗ ಸಾಲಿ ಗ್ಯಾದರಿಂಗ್ ಐತಿ. ಸಣ್ಣ ಮಕ್ಳು ಮುಂದ ಕುಂತಿರ್ತಾವು. ಅಲ್ಲಿ ಗಿಟಾರ್ ಗುಂಯ್ ಅನಬಾರ್ದು, ನೀ ಚೀರಬಾರ್ದು. ಎರಡರಾಗ ಒಂದು ಆದ್ರೂ ಮುಂದಿನ ಕಾರ್ಯಕ್ರಮದಿಂದ ಗಿಟಾರ್ ಮನ್ಯಾಗ ಇಡು. ನನ್ನ ಕೀಬೋರ್ಡಿನ್ಯಾಗ ಗಿಟಾರಿನ ಬಟನ್ ಐತಿ."

ಆ ಬಟನ್ನಿನ ಸಪ್ಪಳ ನಾನು ಕೇಳಿದ್ದೆ. ತಗಡಿನ ಮೇಲೆ ಕಡಲೆ ಉದುರಿಸಿದ ಹಾಗೆ ಇತ್ತು. ನನ್ನ ಜಾಗಕ್ಕೆ ಅದು ಬರುವುದಿತ್ತು.

ಅವತ್ತು ಶಾಲೆ ಬಿಟ್ಟ ಕೂಡಲೇ ಸ್ಕೂಟರ್ ಹತ್ತಿ ಗಂಗಾವತಿಗೆ ಹೋದೆ. ಟಿವಿ ರಿಪೇರಿಯವನು ವೈರು ಬದಲಿಸಿ ಎಂದ, ಬದಲಿಸಿಯಾಗಿತ್ತು. ಮೊಬೈಲ್ ರಿಪೇರಿಯವನು ಗಿಟಾರನ್ನೇ ಬದಲಿಸಿ ಎಂದ. ಬೇಸತ್ತು ಗಿರಣಿಗಳ ಓಣಿಯಲ್ಲಿ ಬರುತ್ತಿರುವಾಗ ಗಕ್ಕನೆ ಬ್ರೇಕು ಒತ್ತಿದೆ. ನನ್ನ ಗಿಟಾರಿನ ಗುಂಯ್ ಬೀದಿಯಲ್ಲಿ ಕೇಳುತ್ತಿತ್ತು. ನಿಜವಾಗಿಯೂ ಅದೇ. ಒಂದು ಅಂಗಡಿಯ ಬಾಗಿಲಲ್ಲಿ ಪರೀಕ್ಷೆಗೆಂದು ಹಚ್ಚಿಟ್ಟ ಮೋಟಾರು ಆ ಸಪ್ಪಳ ಮಾಡುತ್ತಿತ್ತು. ಶ್ರುತಿ ನೋಡುವ ಆಪ್ ಫೋನಿನಲ್ಲಿ ಇತ್ತು, ತೆಗೆದು ಹಿಡಿದೆ. ವೇದಿಕೆಯಲ್ಲಿ ತೋರಿಸುತ್ತಿದ್ದ ಸ್ವರವನ್ನೇ ತೋರಿಸಿತು, ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. ಸ್ಕೂಟರಿಗೆ ಸ್ಟ್ಯಾಂಡು ಹಾಕುವುದನ್ನೂ ಮರೆತು ಒಳಗೆ ನುಗ್ಗಿದೆ. ಹಿಂದೆ ಅದು ಧಡ್ ಎಂದು ಬಿತ್ತು.

ಒಳಗೆ ಐವತ್ತು ದಾಟಿದ ಹೆಂಗಸೊಬ್ಬರು ಕೈಯಂತ್ರದ ಹಿಡಿಕೆ ತಿರುವುತ್ತ ತಂತಿ ಸುತ್ತುತ್ತಿದ್ದರು. ಕನ್ನಡಕಕ್ಕೆ ಕರಿದಾರ, ತಲೆಗೆ ಸೆರಗು. ಬಳೆಗಳು ಗಲಗಲ ಎನ್ನಬಾರದೆಂದು ಅವನ್ನು ಮೊಣಕೈ ತನಕ ಸರಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ನಾನು "ರೀ, ಈ ಸಪ್ಪಳ" ಎನ್ನುವಷ್ಟರಲ್ಲಿ ಅವರು ನನ್ನತ್ತ ನೋಡದೆಯೇ ಎಡ ಮೊಣಕೈಯನ್ನು ಸ್ವಲ್ಪ ಎತ್ತಿದರು. ಬೆಂಚಿನ ಮೇಲೆ ಕೂತಿದ್ದ ಗಿರಣಿ ಸಾಹುಕಾರರು ನನ್ನ ಅಂಗಿ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಬಾಯಿಯ ಮೇಲೆ ಬೆರಳಿಟ್ಟರು. ಹೊರಗೆ ಕಾರು ನಿಲ್ಲಿಸಿ ಬಂದ ಮನುಷ್ಯ ಶಾಲೆಯ ಹುಡುಗನಂತೆ ಕೈಕಟ್ಟಿ ಕೂತಿದ್ದರು.

ಆ ಅಂಗಡಿಯ ಕಾನೂನು ಅದು. ಆಪಾ ಎಣಿಸುವಾಗ ಯಾರೂ ಮಾತಾಡುವಂತಿಲ್ಲ. ಯಂತ್ರಕ್ಕೆ ಸುತ್ತು ಎಣಿಸುವ ಮೀಟರು ಇತ್ತು, ಆದರೆ ಅದರ ಮುಖಕ್ಕೆ ಕಾಗದ ಅಂಟಿಸಿಬಿಟ್ಟಿದ್ದರು. "ಅದು ಒಮ್ಮೊಮ್ಮಿ ಸುಳ್ಳು ಹೇಳ್ತೈತಿ. ಯಾವಾಗ ಹೇಳ್ತೈತಿ ಅಂತ ಹೇಳೂದಿಲ್ಲ" ಎನ್ನುತ್ತಿದ್ದರು. ಏಕ್, ದೋ, ತೀನ್ ಎಂದು ತುಟಿಯೊಳಗೇ ನೂರರ ತನಕ ಹೋಗುವರು. ನೂರಾದರೆ ಒಂದು ಭತ್ತದ ಕಾಳನ್ನು ಎಡಗಡೆ ಇಟ್ಟ ಚಹಾದ ಬಸಿಯಿಂದ ಬಲಗಡೆಯ ಬಸಿಗೆ ಹಾಕುವರು. ಎಷ್ಟು ನೂರು ಸುತ್ತಬೇಕೋ ಅಷ್ಟು ಕಾಳು ಎಡಗಡೆಗೆ ಮೊದಲೇ ಇಟ್ಟಿರುತ್ತಿದ್ದರು. ಎಡಗಡೆಯ ಬಸಿ ಬರಿದಾದರೆ ಸುತ್ತು ಮುಗಿಯಿತು ಎಂದರ್ಥ. ಓದು ಬರಹ ಬಾರದ ಅಪ್ಪನಿಂದ ಬಂದ ಲೆಕ್ಕವಂತೆ. ಸಣ್ಣವಳಿದ್ದಾಗ ಕೈ ಸಣ್ಣ ಇತ್ತು, ಅಪ್ಪನ ಕೈ ಹೋಗದ ಮೋಟಾರಿನೊಳಗೆ ಇವರ ಕೈ ಹೋಗುತ್ತಿತ್ತು, ಹಾಗೆ ಕಸುಬು ಕೈಗೆ ಹತ್ತಿತು. ಸುಟ್ಟ ಮೋಟಾರನ್ನು ಮೂಗಿಗೆ ಹಿಡಿದು, "ಇದು ಭಾರ ಹೆಚ್ಚಾಗಿ ಸುಟ್ಟಿದ್ದಲ್ಲ, ಒಂದು ಫೇಸ್ ಹೋದ್ರೂ ಹಂಗ ಓಡಿಸ್ಯಾರ" ಎಂದು ಹೇಳಿಬಿಡುತ್ತಿದ್ದರು. ಎಣಿಕೆಯ ನಡುವೆ ಬಂದ ಚಹಾ ತಣ್ಣಗಾಗಿ ಕೆನೆ ಕಟ್ಟುತ್ತಿತ್ತು. ಚಹಾದಂಗಡಿಯವನಿಗೆ ಅದೊಂದು ಕೊರಗು.

ಕಾಳು ಮುಗಿದವು. ಕನ್ನಡಕ ಏರಿಸಿ, "ಬರ್ರಿ ಮಾಸ್ತರ, ಏನಾತು?" ಎಂದರು. ನಾನು ಮಾಸ್ತರ ಎಂದು ಹೇಗೆ ತಿಳಿಯಿತೋ. ಅಂಗಿಯ ತೋಳಿಗೆ ಸೀಮೆಸುಣ್ಣ ಮೆತ್ತಿತ್ತೆಂದು ಆಮೇಲೆ ನೋಡಿಕೊಂಡೆ.

"ನಿಮ್ಮ ಮೋಟರಿನ ಸಪ್ಪಳ ನನ್ನ ಗಿಟಾರಿನ್ಯಾಗ ಬರ್ತೈತ್ರಿ ಆಪಾ."

ಸಾಹುಕಾರರು ಕೆಮ್ಮಿದ ಹಾಗೆ ಮಾಡಿ ನಕ್ಕರು. ಆಪಾ ನಗಲಿಲ್ಲ.

"ಬಾಯಾಗ ಮಾಡಿ ತೋರಸ್ರಿ."

"ಗುಂಯ್..."

"ಗುಂಯ್ ಅಂತೈತೋ, ಝಿಂಯ್ ಅಂತೈತೋ? ಛಲೋತ್ನಾಗಿ ನೆನಪು ಮಾಡ್ಕೊಂಡು ಹೇಳ್ರಿ."

"ಗುಂಯ್ ರೀ."

"ಇನ್ನೊಮ್ಮಿ ಅನ್ರಿ. ಉಸಿರು ಹಿಡದು ಅನ್ರಿ."

ನಾಲ್ಕು ಜನರೆದುರು ನಾನು ಕಣ್ಣು ಮುಚ್ಚಿ ಗುಂಯ್ ಎಂದೆ. ಸಾಹುಕಾರರಿಗೂ ಈಗ ಆಸಕ್ತಿ ಹುಟ್ಟಿ, "ಝಿಂಯ್ ಅಂದಿದ್ರ ಏನಾಗ್ತಿತ್ರಿ ಆಪಾ?" ಎಂದು ಕೇಳಿದರು.

"ಝಿಂಯ್ ಅಂದ್ರ ಲೈಟಿನ ಕಾಟ. ಗುಂಯ್ ಅಂದ್ರ ನೆಲದ ಕಾಟ. ಮಾಸ್ತರಗ ನೆಲದ್ದು ಐತಿ," ಎಂದು ಆಪಾ ನನ್ನ ಕಡೆ ತಿರುಗಿದರು. "ನಾಳೆ ನಿಮ್ಮ ಸಾಮಾನೆಲ್ಲ ತರ್ರಿ. ಒಂದು ತಗಡಿನ ಡಬ್ಬಿನೂ ತರ್ರಿ. ಡಬ್ಬಿ ನಿಮ್ದ ಇರಬೇಕು, ನಾ ಕೊಡಂಗಿಲ್ಲ."

ಮನೆಯಲ್ಲಿ ಹುಡುಕಿದರೆ ಸಿಕ್ಕಿದ್ದು ಹೈಸ್ಕೂಲಿನಲ್ಲಿ ಅಪ್ಪ ಕೊಡಿಸಿದ ಕಂಪಾಸ್ ಬಾಕ್ಸ್. ಮರುದಿನ ರವಿವಾರ. ಆಂಪ್ಲಿಫೈಯರನ್ನು ಸ್ಕೂಟರಿನ ಮುಂದೆ ಇಟ್ಟು, ಗಿಟಾರ್ ಬೆನ್ನಿಗೆ ಹಾಕಿ, ಶಟರ್ ಎತ್ತುವುದರೊಳಗೇ ಅಂಗಡಿಯ ಮುಂದೆ ನಿಂತಿದ್ದೆ.

ಅವರು ಮೊದಲು ನೋಡಿದ್ದು ಗಿಟಾರನ್ನಲ್ಲ, ಪ್ಲಗ್ಗನ್ನು.

"ಇದರ ಕಾಲು ಕಡಿದವ್ರು ಯಾರು?"

"ನಾನ ರೀ. ಗುಂಯ್ ಹೋಗ್ಲಿ ಅಂತ."

ಆಪಾ ಎದ್ದು, ಹೊಸ ಪ್ಲಗ್ಗು ತಂದು, ಹಳೆಯದನ್ನು ಕತ್ತರಿಸಿ ಎಸೆದು, ಮೂರೂ ವೈರು ಬಿಗಿದು ಕೂಡಿಸಿದರು. ಗುಂಯ್ ಮತ್ತೆ ಬರುತ್ತದಲ್ಲ ಎಂದು ನಾನು ಗೊಣಗಿದೆ.

"ಬರ್ಲಿ. ಸತ್ತವರು ಗಿಟಾರ್ ಬಾರ್ಸಂಗಿಲ್ಲ," ಎಂದರು. "ಮೊದ್ಲ ಇದು. ಹಾಡು ಆಮ್ಯಾಲ."

ಆಮೇಲೆ ಅವರಿಗೆ ಹುರುಪು ಬಂತು. ಅಟ್ಟದಿಂದ ಹಳೆಯ ಮೈಕ್‌ಸೆಟ್ಟಿನ ಆಂಪ್ಲಿಫೈಯರೊಂದನ್ನು ಇಳಿಸಿದರು. ನನ್ನದರ ಪ್ಲಗ್ಗು ಅಂಗಡಿಯ ಗೋಡೆಗೆ, ಮೈಕ್‌ಸೆಟ್ಟಿನ ಪ್ಲಗ್ಗು ಉದ್ದನೆಯ ವೈರಿನಲ್ಲಿ ಚಹಾದಂಗಡಿಯ ಗೋಡೆಗೆ. ನಡುವೆ ನನ್ನ ವೈರು ಎಳೆದರು. ಇರಕಲ್ಲಗಡದ ವೇದಿಕೆಯಲ್ಲಿ ಕೇಳಿದ್ದ ಅದೇ ಗುಂಯ್ ಓಣಿ ತುಂಬಿತು. ಆಪಾ ಮುಖ ಅರಳಿಸಿ ಕೇಳಿದರು, ಬಹಳ ದಿನದ ಮೇಲೆ ಬೀಗರು ಬಂದ ಹಾಗೆ. ನನ್ನ ಮಾನ ಕಳೆದ ಸಪ್ಪಳವನ್ನು ಒಬ್ಬರು ಹೀಗೆ ಖುಷಿಯಿಂದ ಕೇಳಿದ್ದನ್ನು ನಾನು ಅವತ್ತೇ ನೋಡಿದ್ದು.

"ನಿಮ್ಮಪ್ಪ ಕಾಲುವಿ ನೀರು ನೋಡ್ಯಾನೇನು?" ಎಂದು ಕೇಳಿದರು. ನೋಡಿದ್ದಾನೆ ಎಂದೆ. "ಒಂದ ಹೊಲಕ್ಕ ಎರಡು ತೂಬಿನಿಂದ ನೀರು ಬಿಟ್ರ ಏನಾಗ್ತೈತಿ? ಒಂದು ತೂಬು ಜರಾ ಮ್ಯಾಲ ಇದ್ರ ಆ ನೀರು ಹೊಲದಾಗ ಹಾದು ಕೆಳಗಿಂದಕ್ಕ ಹರಿತೈತಿ. ನಡುವ ನಿಂತ ಸಸಿ ಮುಳುಗ್ತಾವು. ಇಲ್ಲೇ ಒಂದು ಅರ್ಥಿಂಗ್, ಚಹಾದಂಗಡ್ಯಾಗ ಒಂದು ಅರ್ಥಿಂಗ್. ಎರಡೂ ಒಂದ ಮಟ್ಟದಾಗ ಇಲ್ಲ. ಹರಿಯಾಕ ಅದಕ್ಕ ಸಿಕ್ಕ ದಾರಿ ನಿಮ್ಮ ವೈರು. ಹಾಡು ಮುಳುಗೈತಿ."

"ಹಂಗಾದ್ರ ಏನ್ ಮಾಡೂದ್ರಿ?"

"ನಡುವ ಗ್ವಾಡಿ ಕಟ್ಟೂದು. ಗ್ವಾಡಿ ಆಚಿಗೆ ನೀರು ಹೋಗೂದಿಲ್ಲ, ಮಾತು ಹೋಗ್ತೈತಿ. ನಮ್ಮ ಓಣ್ಯಾಗ ಕೇಳ್ರಿ ಬೇಕಾದ್ರ, ಎಷ್ಟು ಗ್ವಾಡಿ ಕಟ್ಟಿದ್ರೂ ಸುದ್ದಿ ನಿಂತೈತೇನು?"

ಆ ಗೋಡೆ ಅಂದರೆ ಒಂದಕ್ಕೊಂದು ತಾಗದ ಎರಡು ತಂತಿಯ ಸುರುಳಿ, ನಡುವೆ ಒಂದಿಷ್ಟು ಕಬ್ಬಿಣ. ಒಂದಕ್ಕೆ ಗಿಟಾರಿನ ಸಪ್ಪಳ ಬಂದರೆ ಇನ್ನೊಂದರಲ್ಲಿ ತಾನೇ ಹುಟ್ಟುತ್ತದೆ, ಎರಡು ಕಡೆಯ ನೆಲಕ್ಕೆ ಮಾತ್ರ ಸಂಬಂಧ ಇರುವುದಿಲ್ಲ. ಇಷ್ಟೇ. ಗಣಿತದ ಮಾಸ್ತರನಾಗಿ, ಪುಸ್ತಕದಲ್ಲಿ ಓದಿ ಅಂಕ ಗಳಿಸಿ ಮರೆತದ್ದು ಆ ಕ್ಷಣ ನನ್ನ ತಲೆಯೊಳಗೆ ಪಟ್ ಎಂದು ಬೆಳಗಿತು. ಚಹಾದಂಗಡಿಯವನನ್ನು ಕರೆದು ಅವನಿಗೂ ವಿವರಿಸಿದೆ. ಅವನಿಗೇನೂ ತಿಳಿಯಲಿಲ್ಲ, ಆದರೂ ತಲೆ ಆಡಿಸಿದ.

ಹಳೆಯ ರೇಡಿಯೋದಿಂದ ತೆಗೆದಿಟ್ಟ ತೆಳು ಕಬ್ಬಿಣದ ತಗಡುಗಳನ್ನು ಆಪಾ ಹುಡುಕಿ ತೆಗೆದರು. ಕೂದಲಿನಂಥ ತಾಮ್ರದ ತಂತಿ ಹಚ್ಚಿದರು. ಎರಡು ಸುರುಳಿ, ಒಂದೊಂದಕ್ಕೆ ಎಂಟುನೂರು ಸುತ್ತು. ಎಂಟು ಕಾಳು ಎಡಗಡೆಯ ಬಸಿಗೆ ಬಿದ್ದವು, ಬಳೆಗೆ ರಬ್ಬರ್ ಬ್ಯಾಂಡು ಏರಿತು, ನಾನು ಬೆಂಚಿನ ಮೇಲೆ ಉಸಿರು ಹಿಡಿದು ಕೂತೆ. ಮೊದಲನೆಯ ಸುರುಳಿ ಮುಗಿಯಿತು. ಎರಡನೆಯದಕ್ಕೆ ಮತ್ತೆ ಎಂಟು ಕಾಳು. ಅದೂ ಮುಗಿಯಿತು. ತಂತಿ ಕತ್ತರಿಸಿ, ಪಟ್ಟಿ ಸುತ್ತಿ, ಕಾಳುಗಳನ್ನು ಅವುಗಳ ಡಬ್ಬಿಗೆ ಹಾಕಲು ತೆಗೆದುಕೊಂಡವರು ಹಾಗೆಯೇ ನಿಂತರು.

"ಏಳು ಅದಾವು," ಎಂದರು. "ಎಂಟನೇದು ಎಲ್ಲೈತಿ?"

ನೆಲ ನೋಡಿದರು, ಸೆರಗು ಕೊಡವಿದರು. ಆಮೇಲೆ ನನ್ನ ಮುಖ ನೋಡಿದರು. ನನ್ನ ತುಟಿಯ ಮೇಲೆ ಹೊಟ್ಟು ಇತ್ತು.

ಇದನ್ನು ಬೇರೆ ಊರಿನವರಿಗೆ ಹೇಗೆ ತಿಳಿಸಲಿ. ಗಿರಣಿಯ ಊರಿನಲ್ಲಿ ಹುಟ್ಟಿದವನಿಗೆ ಭತ್ತದ ಕಾಳು ಕಂಡರೆ ಕೈ ತಾನೇ ಹೋಗುತ್ತದೆ, ಎತ್ತಿ ಹಲ್ಲಿನ ನಡುವೆ ಇಟ್ಟು ಕಟಕ್ ಎನಿಸುತ್ತದೆ. ಕಟಕ್ ಎಂದರೆ ಒಣಗಿದೆ, ಮೆತ್ತಗಾದರೆ ಹಸಿ ಇದೆ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಲಿಸಿದ್ದು ಅದು. ಆಪಾನ ಕೈ ಓಡುವುದನ್ನು ನೋಡುತ್ತ ಮೈಮರೆತು, ಎಡಗಡೆಯ ಬಸಿಯಿಂದ ನೂರು ಸುತ್ತನ್ನು ಎತ್ತಿ ನಾನು ಜಗಿದುಬಿಟ್ಟಿದ್ದೆ.

"ಒಣಗಿತ್ತೇನು?" ಎಂದು ಆಪಾ ಕೇಳಿದರು.

"ಒಣಗಿತ್ರಿ," ಎಂದೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಅವರು ಎರಡನೆಯ ಸುರುಳಿ ತೆಗೆದುಕೊಂಡು ಬಿಚ್ಚತೊಡಗಿದರು. ನನಗೆ ದಿಗಿಲಾಯಿತು. ಮಧ್ಯಾಹ್ನ ಕಳೆದಿತ್ತು, ವಾರ್ನಿಷ್ ಒಣಗಲು ಒಂದು ರಾತ್ರಿ ಬೇಕು, ನಾಳೆಯೇ ನವಲಿ.

"ನೂರು ಸುತ್ತು ಕಡಿಮಿ ಆದ್ರ ಗುಂಯ್ ಬರ್ತೈತೇನ್ರಿ ಆಪಾ?"

"ಬರೂದಿಲ್ಲ."

"ಮತ್ತ ಬಿಚ್ಚೂದ್ಯಾಕ್ರಿ? ಯಾರಿಗೂ ಗೊತ್ತಾಗಂಗಿಲ್ಲ."

ಆಪಾ ಕನ್ನಡಕದ ಮೇಲಿಂದ ನೋಡಿದರು. ಅಲ್ಲಿಯವರೆಗೆ ನೀವು ಎಂದು ಬಹುವಚನ ಹಚ್ಚುತ್ತಿದ್ದವರು ಅಲ್ಲಿಂದ ಬಿಟ್ಟರು. "ನಿನ್ನ ಸಾಲ್ಯಾಗ ಹುಡುಗ ಎಂಟನೂರು ಬರಿಯೋ ಕಡಿ ಏಳನೂರು ಬರದ್ರ ಸರಿ ಅಂತ ಗುರ್ತು ಹಾಕ್ತಿಯೇನು? ನಿನಗ ಗೊತ್ತೈತಿ, ನನಗ ಗೊತ್ತೈತಿ. ಇನ್ನ್ಯಾರಿಗೆ ಗೊತ್ತಾಗಬೇಕು?"

ಹೊಸ ತಂತಿ ಹಚ್ಚಿದರು. ಹಚ್ಚುವ ಮುಂಚೆ ಒಂದು ಬತ್ತಾಸು ತೆಗೆದು ನನ್ನ ಬಾಯಿಗೆ ಹಾಕಿ, "ಕಡೀಬ್ಯಾಡ, ಚೀಪು" ಎಂದರು. ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ನೂರು. ಇನ್ನೂರು. ಬಲಗಡೆಯ ಬಸಿಗೆ ಕಾಳು ಬೀಳುವ ಟಿಣ್ ಎನ್ನುವ ಸದ್ದು ನನಗೆ ಗಡಿಯಾರವಾಯಿತು. ಐದು ಕಾಳು ಹೋಗಿ ಆರನೆಯದರ ನಡುವೆ ಇರುವಾಗ ನನ್ನ ಕಿಸೆಯಲ್ಲಿ ಫೋನು ಗುರ್ ಎಂದಿತು. ವಿರೂಪಣ್ಣ. ಎರಡೂ ಕೈಯಿಂದ ಕಿಸೆ ಒತ್ತಿ ಹಿಡಿದು, ತುದಿಗಾಲಿನಲ್ಲಿ ಅಂಗಡಿ ದಾಟಿ, ಓಣಿ ದಾಟಿ, ಗಿರಣಿಯ ಗೋಡೆಯ ಹಿಂದೆ ನಿಂತು "ಹಲೋ" ಎಂದೆ.

"ಏನಾತು ಮಾಸ್ತರ? ಗಿಟಾರ್ ಬರ್ತೈತೋ ಇಲ್ಲೋ?"

"ಇನ್ನ ಎರಡೂವರಿ ಕಾಳು ಐತಿ ವಿರೂಪಣ್ಣ," ಎಂದು ಹೇಳಿ ಫೋನು ಇಟ್ಟುಬಿಟ್ಟೆ. ಅವನು ಏನು ತಿಳಿದನೋ ಪಾಪ.

ತಿರುಗಿ ಬಂದಾಗ ಎಡಗಡೆಯ ಬಸಿಯಲ್ಲಿ ಒಂದೇ ಕಾಳು ಇತ್ತು. ಅದೂ ಹೋಯಿತು. ಆಪಾ ಬಲಗಡೆಯ ಕಾಳುಗಳನ್ನು ಅಂಗೈಗೆ ಸುರಿದು ನನ್ನ ಮುಂದೆ ಹಿಡಿದರು. ಎಂಟು. ಅಂದಿನ ತನಕ ಎಷ್ಟೋ ಲೆಕ್ಕ ಬಿಡಿಸಿದ್ದೇನೆ, ಯಾವುದರ ಉತ್ತರಕ್ಕೂ ಅಷ್ಟು ಸಂತೋಷಪಟ್ಟದ್ದಿಲ್ಲ.

ಮರುದಿನ ಮಧ್ಯಾಹ್ನ ಆರ್ಕೆಸ್ಟ್ರಾದ ಟೆಂಪೊ ಅಂಗಡಿಯ ಮುಂದೆ ನಿಂತಿತು. ಕಂಪಾಸ್ ಬಾಕ್ಸಿನೊಳಗೆ ಎಲ್ಲ ಕೂತು ಮುಚ್ಚಳ ಬಿಗಿದಾಗಿತ್ತು. ಡಬ್ಬಿ ಕೈಗೆ ಕೊಡುತ್ತಾರೆಂದು ನಿಂತರೆ, ಆಪಾ ಶಟರ್ ಎಳೆದು ಕೊಡೆ ಹಿಡಿದು ಟೆಂಪೊ ಹತ್ತಿದರು. ವಿರೂಪಣ್ಣ ನನ್ನ ಕಿವಿಯಲ್ಲಿ, "ಇವರ್ಯಾರು? ಹಾಡ್ತಾರೇನು?" ಎಂದ. "ಇವರು ಹಾಡಂಗಿಲ್ಲ. ಗುಂಯ್ ಅನ್ನೂದನ್ನ ಬಿಡಿಸ್ತಾರ," ಎಂದೆ. ನವಲಿಯ ತನಕ ಸ್ಪೀಕರುಗಳ ನಡುವೆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತು, ದಾರಿಯಲ್ಲಿ ಬಂದ ಗಿರಣಿಗಳನ್ನೆಲ್ಲ ಕಿವಿಯಿಂದಲೇ ಗುರುತಿಸಿ, "ಇದರ ಬೇರಿಂಗ್ ಹೋಗೈತಿ" ಎಂದೆಲ್ಲ ಹೇಳುತ್ತ ಬಂದರು.

ಶಾಲೆಯ ಅಂಗಳದಲ್ಲಿ ವೇದಿಕೆ. ಬಿಸಿಲು ಇನ್ನೂ ಇತ್ತು. ಮಕ್ಕಳು ಮುಂದೆ ಬಂದು ಕೂತಾಗಿತ್ತು. ನಾನು ಮೂರು ಕಾಲಿನ ಪ್ಲಗ್ಗು ಸಿಗಿಸಿದೆ, ನಡುವೆ ಡಬ್ಬಿ ಜೋಡಿಸಿದೆ, ವಾಲ್ಯೂಮ್ ಏರಿಸಿದೆ. ವಿರೂಪಣ್ಣ ನನ್ನತ್ತ ತಿರುಗಿ, "ಹಚ್ಚಲ್ಲ ಗಿಟಾರು, ಹೊತ್ತಾತು" ಎಂದ.

"ಹಚ್ಚೀನಿ."

"ಎಲ್ಲಿ ಹಚ್ಚಿದಿ? ಸಪ್ಪಳನ ಇಲ್ಲ."

ಅವನು ನಂಬದೆ ಎದ್ದು ಬಂದು ವೈರು ಹಿಡಿದು ನೋಡಿದ, ಆಂಪ್ಲಿಫೈಯರಿನ ಕೆಂಪು ದೀಪ ನೋಡಿದ. ನಾನು ಒಂದೇ ಒಂದು ತಂತಿ ಮೀಟಿದೆ. ಅಂಗಳದ ಆಚೆಯ ಗೋಡೆಗೆ ಬಡಿದು ಆ ಸ್ವರ ತಿರುಗಿ ಬಂತು, ತೊಳೆದಿಟ್ಟ ಸ್ಟೀಲಿನ ಲೋಟದಷ್ಟು ಚೊಕ್ಕ. ವಿರೂಪಣ್ಣ ವೈರು ಬಿಟ್ಟು ತನ್ನ ಕೀಬೋರ್ಡಿಗೆ ತಿರುಗಿ ಹೋದ.

ಇನ್ನೊಂದು ಉಳಿದಿತ್ತು. ಮೈಕು. ಕೈ ತಂತಿಯ ಮೇಲೆ ಇತ್ತು, ತುಟಿಗೆ ಇರಕಲ್ಲಗಡದ ಚುರ್ ನೆನಪಾಗಿ ಮುಂದೆ ಹೋಗಲೊಲ್ಲದು. ಮಕ್ಕಳ ಸಾಲಿನ ಹಿಂದೆ, ಬೇವಿನ ಮರದ ಕೆಳಗೆ ಕೊಡೆ ಊರಿ ನಿಂತಿದ್ದ ಆಪಾ ಕಂಡರು. ಅವರು ಹೂಂ ಎನ್ನುವಂತೆ ಎಡ ಮೊಣಕೈಯನ್ನು ಸ್ವಲ್ಪ ಎತ್ತಿದರು. ನಾನು ಕಣ್ಣು ಮುಚ್ಚಿ ತುಟಿಯನ್ನು ಮೈಕಿಗೆ ಒತ್ತಿದೆ. ತಣ್ಣನೆಯ ಕಬ್ಬಿಣ, ಬೇರೇನಿಲ್ಲ. ಅವತ್ತು ನಾನು ಹೇಗೆ ಹಾಡಿದೆ, ಹೇಗೆ ನುಡಿಸಿದೆ ಎಂದರೆ, ಮೊದಲ ಹಾಡು ಮುಗಿಯುವುದರೊಳಗೆ ಮಕ್ಕಳು ಎದ್ದು ಕುಣಿಯುತ್ತಿದ್ದರು, ವಿರೂಪಣ್ಣ ಕೀಬೋರ್ಡಿನಿಂದ ಕೈ ತೆಗೆದು ನನಗೆ ಇನ್ನೊಂದು ಸುತ್ತು ನುಡಿಸು ಎಂದು ಸನ್ನೆ ಮಾಡಿದ. ಗಿಟಾರಿನ ಬಟನ್ನಿನ ಮಾತನ್ನು ಅವನು ಮುಂದೆಂದೂ ಎತ್ತಲಿಲ್ಲ.

ಹಾಡು ಮುಗಿದು ನೋಡಿದರೆ ಆಪಾ ಗೇಟಿನ ಕಡೆ ಹೊರಟಿದ್ದರು. ಗಿಟಾರ್ ಇಟ್ಟು ಓಡಿದೆ.

"ಎಲ್ಲಿ ಹೊಂಟ್ರಿ ಆಪಾ? ಕಾರ್ಯಕ್ರಮ ಈಗ ಚಾಲೂ ಆತು."

"ನಾ ಕೇಳಾಕ ಬಂದದ್ದು ಹಾಡಿನಕಿಂತ ಮೊದ್ಲ ಇತ್ತು. ಕೇಳಿದೆ. ಛಲೋ ಐತಿ," ಎಂದರು. ಗಂಗಾವತಿಯ ಬಸ್ಸು ಬರುವ ಹೊತ್ತಾಗಿತ್ತು. ಹೋಗುತ್ತ ತಿರುಗಿ, "ಸುಮ್ನ ಮಾತಾಡ್ಸಾಕ ಅಂತ ಅಂಗಡಿಗೆ ಬರಬ್ಯಾಡ, ಎಣಿಕಿ ತಪ್ತೈತಿ. ಅದು ಗುಂಯ್ ಅಂದ್ರ ಬಾ," ಎಂದರು.

ಆಮೇಲೆ ಕುಷ್ಟಗಿ, ಯಲಬುರ್ಗಾದ ತಂಡದವರೂ ನನ್ನ ಡಬ್ಬಿ ನೋಡಿ ಮನೆಯಲ್ಲಿದ್ದ ಕಂಪಾಸ್ ಬಾಕ್ಸ್ ಹಿಡಿದು ಆಪಾನ ಬಳಿ ಹೋದರು. ಕೊಪ್ಪಳದವರು ಒಬ್ಬರು ಚೂಡಾದ ಡಬ್ಬಿ ಒಯ್ದರಂತೆ, ಎಣ್ಣೆ ತೊಳೆದು ತಾ ಎಂದು ತಿರುಗಿ ಕಳಿಸಿದರಂತೆ. ನಮ್ಮ ಕಡೆ ಪ್ಲಗ್ಗಿನ ಕಾಲು ಕಡಿಯುವುದು ನಿಂತಿತು. ನಾನು ಓಣಿಯಲ್ಲಿ ಹಾಯುವಾಗ ಕೈ ಎತ್ತುತ್ತಿದ್ದೆ, ಅವರು ಎಣಿಸುತ್ತಲೇ ಮೊಣಕೈ ಎತ್ತುತ್ತಿದ್ದರು. ಒಳಗೆ ಹೋಗಲಿಲ್ಲ. ಡಬ್ಬಿ ಗುಂಯ್ ಎನ್ನಲೇ ಇಲ್ಲವಲ್ಲ. ಬರಬೇಡ ಎಂದದ್ದನ್ನು ನಾನು ಅಷ್ಟು ಚಾಚೂ ತಪ್ಪದೆ ಪಾಲಿಸಬಾರದಿತ್ತು. ಮಾಸ್ತರಿಕೆಯ ದಡ್ಡತನ ನನ್ನದು, ಒಂದು ದಿನ ಸುಳ್ಳು ಹೇಳಿಯಾದರೂ ಹೋಗಬಹುದಿತ್ತು.

ಅವರು ಹೋದ ಸುದ್ದಿ ತಿಳಿದ ದಿನ ಗಂಗಾವತಿಯಿಂದ ಮನೆಗೆ ಹೋಗಿ, ಆಂಪ್ಲಿಫೈಯರು, ಡಬ್ಬಿ ತೆಗೆದುಕೊಂಡು ನಮ್ಮ ಶಾಲೆಗೆ ಬಂದೆ. ಮಕ್ಕಳು ಮನೆಗೆ ಹೋಗಿದ್ದರು. ಶಾಲೆಯ ಮೈಕ್‌ಸೆಟ್ಟನ್ನು ಹೆಡ್‌ಮಾಸ್ತರರ ಕೋಣೆಯ ಗೋಡೆಗೆ ಹಚ್ಚಿದೆ, ನನ್ನ ಆಂಪ್ಲಿಫೈಯರನ್ನು ಸಭಾಂಗಣದ ಇನ್ನೊಂದು ತುದಿಯ ಗೋಡೆಗೆ ಹಚ್ಚಿದೆ, ಗುಂಯ್ ಬರಲೆಂದೇ. ಡಬ್ಬಿ ಇಲ್ಲದೆ ವೈರು ಸಿಗಿಸಿದರೆ ಬಂತು, ಕಿಟಕಿಯ ಗಾಜು ನಡುಗುವಷ್ಟು ಜೋರಾಗಿ. ನಡುವೆ ಡಬ್ಬಿ ಹಾಕಿದೆ. ನಿಂತಿತು. ವಾಲ್ಯೂಮನ್ನು ಕೊನೆಯ ತನಕ ತಿರುವಿದೆ. ಒಮ್ಮೆ ಅನ್ನು, ಆಪಾನ ಅಂಗಡಿಯ ತನಕ ಹೋಗಿ ಬರುವುದಕ್ಕೆ ಒಂದು ನೆವ ಆಗುವಷ್ಟಾದರೂ ಅನ್ನು ಎಂದು ಡಬ್ಬಿಗೆ ಕಿವಿ ಹಚ್ಚಿ ಕೂತೆ.

ಎಂಟುನೂರಕ್ಕೆ ಎಂಟುನೂರು ಸುತ್ತಿದ್ದರು ಆಪಾ. ಹೊತ್ತು ಮುಳುಗುವ ತನಕ ಕೂತೆ, ಅನ್ನಲಿಲ್ಲ.